ಮಹಾಶಕ್ತಿಗಳ ಪೈಪೋಟಿಯೂ ಬಹುಧ್ರುವ ಜಗತ್ತೂ

ವೃತ್ತಪತ್ರಿಕೆಗಳಲ್ಲಿಯೂ ವಾರ್ತಾಪ್ರಸಾರಗಳಲ್ಲಿಯೂ ಈಚೆಗೆ ‘ಬಹುಧ್ರುವ ಜಗತ್ತು’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ವ್ಯಾಕರಣವನ್ನು ಓದಿದವರಿಗೆ ಈ ಸಮಾಸವು ಸ್ವಲ್ಪ ವಿಚಿತ್ರವಾಗಿ ತೋರುವುದು ಸಹಜ. ‘ಧ್ರುವ’ ಎಂದರೆ ಅಲುಗದುದು, ನೆಲೆನಿಂತುದು. ಉತ್ತಾನಪಾದ ರಾಜನ ಮಗನು ಮಲತಾಯಿಯ ನುಡಿಯಿಂದ ನೊಂದು, ತಪಸ್ಸು ಮಾಡಿ, ಯಾರೂ ಕದಲಿಸಲಾರದ ಸ್ಥಾನವನ್ನು ಪಡೆದನೆಂಬ ಪುರಾಣಕಥೆ ಮಕ್ಕಳಿಗೂ ತಿಳಿದದ್ದೇ. ಭೂಗೋಳಕ್ಕೆ ಧ್ರುವಗಳು ಎರಡು; ಅಯಸ್ಕಾಂತಕ್ಕೂ ಎರಡು. ಅಲುಗದ ನೆಲೆಯೆಂಬುದು ನಾಲ್ಕಾರು ಕಡೆ ಇರುವುದು ಹೇಗೆ?

ಖಗೋಳಶಾಸ್ತ್ರವನ್ನು ಕೇಳಿದರೆ ಈ ಸಂಶಯಕ್ಕೆ ಒಂದು ಸಮಾಧಾನ ದೊರೆಯುತ್ತದೆ. ಧ್ರುವನಕ್ಷತ್ರವೂ ವಸ್ತುತಃ ಧ್ರುವವಲ್ಲ. ಭೂಮಿಯ ಅಕ್ಷವು ತೂಗಾಡುವ ಬುಗುರಿಯಂತೆ ಬಲು ನಿಧಾನವಾಗಿ ಓಲಾಡುತ್ತ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತನ್ನು ಮುಗಿಸುತ್ತದೆ. ಸುಮಾರು 4,700 ವರ್ಷಗಳ ಹಿಂದೆ ಉತ್ತರದ ಆ ನೆಲೆಯಲ್ಲಿ ಹೊಳೆಯುತ್ತಿದ್ದುದು ಬೇರೊಂದು ನಕ್ಷತ್ರ; ಇನ್ನು ಸುಮಾರು 12,000 ವರ್ಷಗಳ ಮೇಲೆ ಅಭಿಜಿತ್ ನಕ್ಷತ್ರವು ಅಲ್ಲಿಗೆ ಸಮೀಪವಾಗುವುದು. ರಾಜ್ಯಗಳ ಆಕಾಶದಲ್ಲಿ ಇಂಥ ಬದಲಾವಣೆಗೆ ಅಷ್ಟು ಕಾಲ ಬೇಕಾಗಿಲ್ಲ. 1945ರಿಂದ ಈಚೆಗೆ, ಒಬ್ಬ ಮನುಷ್ಯನ ಆಯುಷ್ಯದೊಳಗೆ, ಜಗತ್ತು ಎರಡು ಧ್ರುವಗಳದಾಗಿ, ಅನಂತರ ಒಂದರದಾಗಿ, ಈಗ ಹಲವುಗಳದಾಗುತ್ತಿದೆ. ಇದನ್ನು ಕಂಡು ಏಕಾಧಿಪತ್ಯವು ತೊಲಗಿತೆಂದು ಕೆಲವರು ಹಿಗ್ಗುತ್ತಾರೆ. ಅರಾಜಕತೆಯು ಬಂದಿತೆಂದು ಕೆಲವರು ಅಂಜುತ್ತಾರೆ. ಇಬ್ಬರೂ ಶಕ್ತಿಗಳ ಸಂಖ್ಯೆಯನ್ನು ಎಣಿಸುತ್ತಾರೆಯೇ ಹೊರತು ಅವುಗಳ ನಡುವೆ ಇರುವ ಅಥವಾ ಇಲ್ಲದಿರುವ ಕಟ್ಟುಪಾಡನ್ನು ನೋಡುವುದಿಲ್ಲ. ಸಂಖ್ಯೆ ಒಂದೇ ಆಗಿದ್ದಾಗಲೂ ಕಟ್ಟುಪಾಡು ಇದ್ದ ಕಾಲದಲ್ಲಿ ಒಂದು ಗತಿ, ಅದು ಹರಿದ ಕಾಲದಲ್ಲಿ ಮತ್ತೊಂದು ಗತಿ ಒದಗಿದ್ದುದಕ್ಕೆ ಇತಿಹಾಸದಲ್ಲಿ ನಿದರ್ಶನಗಳು ಉಂಟು.

ಭಾರತೀಯ ರಾಜನೀತಿಯ ಗ್ರಂಥಕಾರರು ಈ ವಿಷಯದಲ್ಲಿ ‘ಧ್ರುವ’ವೆಂಬ ಮಾತನ್ನು ಬಳಸಲಿಲ್ಲ, ‘ಮಂಡಲ’ವೆಂದರು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹದಿನೈದು ಅಧಿಕರಣಗಳಲ್ಲಿ ಆರನೆಯದು ಈ ಮಂಡಲದ ವಿಚಾರವನ್ನು ಎತ್ತಿಕೊಳ್ಳುತ್ತದೆ. ನಡುವೆ ವಿಜಿಗೀಷು, ಎಂದರೆ ಗೆಲ್ಲಬಯಸುವ ರಾಜ. ಅವನ ಮುಂದೆ ಅರಿ, ಮಿತ್ರ, ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ ಎಂದು ಐವರು. ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ ಮತ್ತು ಅವರಿಬ್ಬರ ಸಹಾಯಕರು ಎಂದು ನಾಲ್ವರು. ಇವರಲ್ಲದೆ ಇಬ್ಬರಿಗೂ ಹತ್ತಿರದಲ್ಲಿದ್ದು ಇಬ್ಬರನ್ನೂ ತಡೆಯಬಲ್ಲ ಮಧ್ಯಮ, ಎಲ್ಲರಿಗಿಂತ ಬಲಿಷ್ಠನಾಗಿ ದೂರದಲ್ಲಿರುವ ಉದಾಸೀನ. ಒಟ್ಟು ಹನ್ನೆರಡು. ಪಾರ್ಷ್ಣಿ ಎಂದರೆ ಹಿಮ್ಮಡಿ. ರಾಜನು ಮುಂದಿನ ಶತ್ರುವಿನ ಮೇಲೆ ದಂಡೆತ್ತಿ ಹೋದಾಗ ಹಿಂದಿನಿಂದ ಹಿಮ್ಮಡಿ ಹಿಡಿಯುವವನು ಪಾರ್ಷ್ಣಿಗ್ರಾಹ. ಈ ಪದವೊಂದೇ ಸಾಕು, ಹಲವು ಶಕ್ತಿಗಳ ನಡುವೆ ಬದುಕುವ ರಾಜ್ಯದ ಕಷ್ಟವೇನೆಂಬುದನ್ನು ತಿಳಿಯಲು. ಇಬ್ಬರೇ ಇದ್ದರೆ ಎದುರಾಳಿಯ ಮುಖವನ್ನು ನೋಡುತ್ತಿದ್ದರಾಯಿತು. ಹಲವರಿದ್ದರೆ ಬೆನ್ನ ಹಿಂದೆಯೂ ಕಣ್ಣಿರಬೇಕು.

ಈ ಗ್ರಂಥವು ಲೋಕಕ್ಕೆ ಮತ್ತೆ ದೊರೆತದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಇದನ್ನು ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚುಮಾಡಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಯೂರೋಪಿನ ಮಹಾಶಕ್ತಿಗಳು ಕಂದಕಗಳಲ್ಲಿ ಕುಳಿತು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ವರ್ಷವೇ ಈ ಮಂಡಲಶಾಸ್ತ್ರವು ಅವರು ಓದಬಲ್ಲ ಭಾಷೆಗೆ ಬಂದಿತು.

ಕೌಟಿಲ್ಯನು ಹೇಳುವ ಇನ್ನೊಂದು ವಿಚಾರವೂ ಪ್ರಕೃತಕ್ಕೆ ಅವಶ್ಯಕ. ವಾತವ್ಯಾಧಿ ಎಂಬ ಪೂರ್ವಾಚಾರ್ಯನ ಮತದಲ್ಲಿ ಪರರಾಷ್ಟ್ರನೀತಿಗೆ ಎರಡೇ ಗುಣಗಳು: ಸಂಧಿ ಮತ್ತು ವಿಗ್ರಹ, ಎಂದರೆ ಒಪ್ಪಂದ ಇಲ್ಲವೆ ಹಗೆತನ. ಕೌಟಿಲ್ಯನು ಇದನ್ನು ಒಪ್ಪಲಿಲ್ಲ. ಸನ್ನಿವೇಶಗಳು ಬೇರೆ ಬೇರೆಯಾದುದರಿಂದ ಗುಣಗಳು ಆರೇ ಎಂದು ನಿರ್ಣಯಿಸಿದನು. ಸಂಧಿ, ವಿಗ್ರಹ, ಸುಮ್ಮನಿರುವ ಆಸನ, ಸನ್ನದ್ಧನಾಗಿ ಹೊರಡುವ ಯಾನ, ಬಲಿಷ್ಠನನ್ನು ಆಶ್ರಯಿಸುವ ಸಂಶ್ರಯ, ಒಬ್ಬನೊಡನೆ ಸಂಧಿ ಮತ್ತೊಬ್ಬನೊಡನೆ ವಿಗ್ರಹ ಮಾಡುವ ದ್ವೈಧೀಭಾವ. ಸಂಧಿಯಿಂದಲೂ ವಿಗ್ರಹದಿಂದಲೂ ಬರುವ ಲಾಭವು ಸಮವಾಗಿದ್ದರೆ ಸಂಧಿಯನ್ನೇ ಆರಿಸಬೇಕು, ಏಕೆಂದರೆ ಯುದ್ಧದಲ್ಲಿ ನಷ್ಟ, ವೆಚ್ಚ, ಪರದೇಶವಾಸ, ಪಾಪ ಇವು ಉಂಟು ಎಂದು ಹೇಳಿದವನೂ ಅವನೇ. ಅವನನ್ನು ಕೇವಲ ಕುಟಿಲನೆಂದು ಕರೆಯುವವರು ಈ ಭಾಗವನ್ನು ಓದಿದಂತೆ ಕಾಣುವುದಿಲ್ಲ.

ಈಗ ಯೂರೋಪಿನ ಕಡೆಗೆ ತಿರುಗಬಹುದು. ಹಲವು ಮಹಾಶಕ್ತಿಗಳು ಒಟ್ಟಿಗೆ ಇದ್ದ ವ್ಯವಸ್ಥೆಯ ಹುಟ್ಟು ಸಾವುಗಳೆರಡೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ನೆಪೋಲಿಯನ್ನನ ಯುದ್ಧಗಳಿಂದ ಬಳಲಿದ ರಾಜ್ಯಗಳು 1814-15ರಲ್ಲಿ ವಿಯೆನ್ನಾ ನಗರದಲ್ಲಿ ಸಭೆ ಸೇರಿದುವು. ಆಸ್ಟ್ರಿಯಾದ ಮೆಟರ್ನಿಕ್, ಬ್ರಿಟನ್ನಿನ ಕ್ಯಾಸಲ್‌ರೇ, ರಷ್ಯಾದ ಚಕ್ರವರ್ತಿ ಅಲೆಗ್ಸಾಂಡರ್, ಪ್ರಷ್ಯಾದ ಪ್ರತಿನಿಧಿಗಳು, ಇವರೊಡನೆ ಸೋತ ಫ್ರಾನ್ಸಿನ ಪರವಾಗಿ ತಾಲೆರಾನ್. ಗೆದ್ದವರು ಸೋತವನನ್ನು ಹೊರಗೆ ನಿಲ್ಲಿಸಲಿಲ್ಲ. 1818ರಲ್ಲಿ ಫ್ರಾನ್ಸನ್ನೂ ತಮ್ಮ ಸಾಲಿಗೆ ಸೇರಿಸಿಕೊಂಡರು. ಇದು ಆ ಕಾಲದ ವಿವೇಕ. ಐದು ಶಕ್ತಿಗಳ ಈ ಮೇಳವು ಮನಸ್ತಾಪ ಬಂದಾಗ ಸಭೆ ಕರೆದು ಮಾತಾಡುವ ಪದ್ಧತಿಯನ್ನು ಇಟ್ಟುಕೊಂಡಿತು. ಅದರ ಉದ್ದೇಶವು ಶುದ್ಧವಾಗಿತ್ತೆಂದು ಹೇಳುವಂತಿಲ್ಲ. ಪ್ರಜೆಗಳ ಸ್ವಾತಂತ್ರ್ಯದ ಆಸೆಯನ್ನು ಅದುಮುವುದೂ ಅದರ ಕೆಲಸವಾಗಿತ್ತು. ಆದರೂ 1853ರ ಕ್ರಿಮಿಯಾ ಯುದ್ಧದವರೆಗೆ, ಸುಮಾರು ನಾಲ್ಕು ದಶಕಗಳ ಕಾಲ, ಆ ಐವರಲ್ಲಿ ಯಾರೂ ಯಾರ ಮೇಲೂ ಯುದ್ಧ ಸಾರಲಿಲ್ಲ.

ಆ ಮೇಳದ ಕಾರ್ಯವಿಧಾನವನ್ನು ತಿಳಿಯಲು ಬೆಲ್ಜಿಯಂ ಎಂಬ ಚಿಕ್ಕ ದೇಶದ ಕಥೆಯೊಂದನ್ನು ನೋಡಿದರೆ ಸಾಕು. 1830ರಲ್ಲಿ ಬೆಲ್ಜಿಯಂ ಜನರು ನೆದರ್ಲೆಂಡ್ಸಿನ ಅರಸನ ವಿರುದ್ಧ ದಂಗೆಯೆದ್ದರು. ಫ್ರಾನ್ಸಿಗೆ ಆ ನೆಲದ ಮೇಲೆ ಆಸೆ. ಫ್ರಾನ್ಸು ಅಲ್ಲಿಗೆ ಬಂದರೆ ಬ್ರಿಟನ್ನಿಗೆ ಭಯ. ದಂಗೆಯನ್ನು ಅಡಗಿಸಬೇಕೆಂದು ಪೂರ್ವದ ಮೂರು ರಾಜ್ಯಗಳ ಅಪೇಕ್ಷೆ. ಯುದ್ಧಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿರಲಿಲ್ಲ. ಆದರೆ ಐವರ ಪ್ರತಿನಿಧಿಗಳು ಲಂಡನ್ನಿನಲ್ಲಿ ಕುಳಿತು ವರ್ಷಗಟ್ಟಲೆ ಮಾತಾಡಿ, 1839ರಲ್ಲಿ ಬೆಲ್ಜಿಯಂ ಸ್ವತಂತ್ರವೆಂದೂ ತಟಸ್ಥವೆಂದೂ ಬರೆದು, ಅದರ ತಾಟಸ್ಥ್ಯಕ್ಕೆ ಐವರೂ ಹೊಣೆಯೆಂದು ಸಹಿಮಾಡಿದರು. ಆ ಪತ್ರವು ಎಪ್ಪತ್ತೈದು ವರ್ಷ ಬಾಳಿತು. 1914ರ ಆಗಸ್ಟಿನಲ್ಲಿ, ಸಹಿಮಾಡಿದ್ದ ಪ್ರಷ್ಯಾದ ಉತ್ತರಾಧಿಕಾರಿಯಾದ ಜರ್ಮನಿಯ ಸೇನೆಯೇ ಬೆಲ್ಜಿಯಂ ಗಡಿಯನ್ನು ದಾಟಿತು. ಬ್ರಿಟನ್ನು ಯುದ್ಧಕ್ಕೆ ಇಳಿಯಿತು. ಆ ಒಪ್ಪಂದವನ್ನು ಜರ್ಮನಿಯ ಪ್ರಧಾನಿಯು ಕಾಗದದ ಚೂರೆಂದು ತಿರಸ್ಕರಿಸಿದ ಮಾತು ಇಂದಿಗೂ ಪ್ರಸಿದ್ಧವಾಗಿದೆ.

1839ರಲ್ಲಿ ಮಹಾಶಕ್ತಿಗಳು ಐದು; 1914ರಲ್ಲಿಯೂ ಯೂರೋಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ. ಬದಲಾದುದು ಏನು? 1871ರಲ್ಲಿ ಜರ್ಮನಿಯು ಏಕೀಕೃತವಾಗಿ ನಡುಯೂರೋಪಿನಲ್ಲಿ ಹೊಸದೊಂದು ಬಲ ಬೆಳೆಯಿತು. ಬಿಸ್ಮಾರ್ಕನು ಆ ಬಲವನ್ನು ಕಟ್ಟಿದವನಾದರೂ ಅದರ ಅಪಾಯವನ್ನು ಅರಿತಿದ್ದನು. ಪೂರ್ವದಲ್ಲಿ ರಷ್ಯಾ ಹಿಮ್ಮಡಿ ಹಿಡಿಯದಂತೆ 1887ರಲ್ಲಿ ಗುಪ್ತ ಒಪ್ಪಂದವೊಂದನ್ನು ಮಾಡಿಕೊಂಡನು. ಅವನು ಪದವಿಯಿಂದ ಇಳಿದ 1890ರಲ್ಲಿಯೇ ಆ ಒಪ್ಪಂದವನ್ನು ನವೀಕರಿಸದೆ ಬಿಡಲಾಯಿತು. ಒಂಟಿಯಾದ ರಷ್ಯಾವು 1894ರ ವೇಳೆಗೆ ಫ್ರಾನ್ಸಿನ ಕೈಹಿಡಿಯಿತು. 1904ರಲ್ಲಿ ಬ್ರಿಟನ್ನು ಫ್ರಾನ್ಸಿನೊಡನೆ, 1907ರಲ್ಲಿ ರಷ್ಯಾದೊಡನೆ ಹಳೆಯ ಮನಸ್ತಾಪಗಳನ್ನು ತೀರಿಸಿಕೊಂಡಿತು. ಹೀಗೆ ಹಲವರ ಮಂಡಲವು ಕಲ್ಲುಗಟ್ಟಿ ಎರಡು ಪಾಳೆಯಗಳಾಯಿತು. ಸಂಖ್ಯೆಯಲ್ಲಿ ಹಲವು, ನಡತೆಯಲ್ಲಿ ಎರಡು. ಕೌಟಿಲ್ಯನ ಆರು ಗುಣಗಳಿದ್ದ ಕಡೆ ವಾತವ್ಯಾಧಿಯ ಎರಡೇ ಉಳಿದುವು. ಸರಯೇವೊ ನಗರದಲ್ಲಿ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಕೊಲೆ ನಡೆದಾಗ ಸಭೆ ಸೇರೋಣವೆಂಬ ಮಾತು ಕೇಳಿಬರದೆ ಇರಲಿಲ್ಲ, ಕೇಳುವವರು ಇರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಸುಮಾರು ತೊಂಬತ್ತು ಲಕ್ಷದಿಂದ ಒಂದು ಕೋಟಿ ಸೈನಿಕರು ಮಡಿದರು.

ಆ ಜಗಳದಲ್ಲಿ ಯಾವ ಪಾಲೂ ಇಲ್ಲದವರೂ ಅದರಲ್ಲಿ ಸತ್ತರು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರದಾಚೆಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಕುದುರೆಸವಾರರಲ್ಲಿ ಜೋಧಪುರದವರೊಡನೆ ಮೈಸೂರು ಸಂಸ್ಥಾನದವರೂ ಇದ್ದರು. ವಿಯೆನ್ನಾದ ರಾಜಕುಮಾರನ ಹೆಸರನ್ನೂ ಕೇಳಿರದ ಮೈಸೂರು ಸೀಮೆಯ ಸವಾರನು ಭಲ್ಲೆ ಹಿಡಿದು ಆ ಬೆಟ್ಟದ ಬುಡಕ್ಕೆ ಹೋಗಬೇಕಾಯಿತು. ಮಹಾಶಕ್ತಿಗಳ ಮೇಳವು ಕೂಡಿ ಬಾಳುವಾಗಲೂ ದುರ್ಬಲರಿಗೆ ಸುಖವಿತ್ತೆಂದು ತಿಳಿಯಬಾರದು. 1884-85ರಲ್ಲಿ ಬರ್ಲಿನ್ನಿನಲ್ಲಿ ಕುಳಿತು ಅವು ಆಫ್ರಿಕಾ ಖಂಡವನ್ನು ಹಂಚಿಕೊಳ್ಳುವ ನಿಯಮಗಳನ್ನು ಬರೆದಾಗ ಆ ಖಂಡದ ಒಬ್ಬನಿಗೂ ಅಲ್ಲಿ ಆಸನವಿರಲಿಲ್ಲ.

ಎರಡನೆಯ ಮಹಾಯುದ್ಧದ ಬೆಂಕಿಯಿಂದ ಎರಡು ಶಕ್ತಿಗಳು ಮಾತ್ರ ಎದ್ದುನಿಂತುವು. ಅಮೆರಿಕಾ ಸಂಯುಕ್ತ ಸಂಸ್ಥಾನ ಒಂದು ಕಡೆ, ಸೋವಿಯೆತ್ ಒಕ್ಕೂಟ ಇನ್ನೊಂದು ಕಡೆ. 1949ರಲ್ಲಿ ನೇಟೊ, 1955ರಲ್ಲಿ ವಾರ್ಸಾ ಒಪ್ಪಂದ. ನಡುವೆ ಪರಮಾಣು ಅಸ್ತ್ರ. ಈ ಕಾಲದಲ್ಲಿ ಧ್ರುವವೆಂಬ ರೂಪಕವು ಒಪ್ಪುತ್ತಿದ್ದಿತು. ಆದರೆ ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಅಯಸ್ಕಾಂತದ ಪುಡಿಯಂತೆ ಒಂದು ತುದಿಗೆ ಅಂಟಿಕೊಳ್ಳುವುದು ರುಚಿಸಲಿಲ್ಲ. 1955ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ಬಾಂಡುಂಗಿನಲ್ಲಿ 29 ದೇಶಗಳು ಸೇರಿದುವು. 1961ರ ಸೆಪ್ಟೆಂಬರಿನಲ್ಲಿ ಬೆಲ್‌ಗ್ರೇಡಿನಲ್ಲಿ ನೆಹರು, ನಾಸರ್, ಟಿಟೊ ಮೊದಲಾದವರು ಅಲಿಪ್ತ ಚಳವಳಿಗೆ ರೂಪಕೊಟ್ಟರು. ಅಮೆರಿಕಾದ ವಿದೇಶಾಂಗ ಸಚಿವರಾಗಿದ್ದ ಡಲ್ಲೆಸ್ 1956ರಲ್ಲಿ ತಾಟಸ್ಥ್ಯವನ್ನು ಅನೈತಿಕವೆಂದು ನಿಂದಿಸಿದ್ದರು. ವಾತವ್ಯಾಧಿಯ ಪಕ್ಷವು ಎರಡು ಸಾವಿರ ವರ್ಷಗಳ ಮೇಲೆ ವಾಷಿಂಗ್ಟನ್ನಿನಲ್ಲಿ ಮರುಹುಟ್ಟು ಪಡೆದಂತಾಯಿತು.

ಅಲಿಪ್ತತೆ ಎಂದರೆ ನಿಷ್ಕ್ರಿಯತೆ ಎಂದು ತಿಳಿಯುವವರು ಉಂಟು. ಭಾರತದ ಅನುಭವವೇ ಅದನ್ನು ನಿರಾಕರಿಸುತ್ತದೆ. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಕಾರಣದಿಂದ ಎರಡು ಧ್ರುವಗಳೂ ಪ್ರಳಯದ ಅಂಚಿಗೆ ಬಂದು ನಿಂತಿದ್ದ ದಿನಗಳಲ್ಲಿಯೇ ಚೀನಾ ಹಿಮಾಲಯದ ಗಡಿಯಲ್ಲಿ ದಾಳಿಮಾಡಿತು. ಅಲಿಪ್ತ ಭಾರತವು ಅಮೆರಿಕಾದ ಆಯುಧವನ್ನು ಬೇಡಬೇಕಾಯಿತು. ಒಂಬತ್ತು ವರ್ಷಗಳ ಮೇಲೆ ಅಮೆರಿಕಾವು ಪಾಕಿಸ್ತಾನದ ಪಕ್ಕದಲ್ಲಿ ನಿಂತಿದ್ದಾಗ, 1971ರ ಆಗಸ್ಟ್ 9ರಂದು, ಭಾರತವು ಸೋವಿಯೆತ್ ಒಕ್ಕೂಟದೊಡನೆ ಮೈತ್ರಿಯ ಒಪ್ಪಂದಕ್ಕೆ ಸಹಿಮಾಡಿತು. ಇದನ್ನು ಸಂಶ್ರಯವೆನ್ನಬೇಕೊ ಸಂಧಿಯೆನ್ನಬೇಕೊ ಎಂಬುದು ವಾದಾಸ್ಪದ. ಸೋವಿಯೆತ್ ನೆಲೆಗಳಿಗೆ ಭಾರತದಲ್ಲಿ ಜಾಗ ಕೊಡಲಿಲ್ಲವಾದ್ದರಿಂದ ಸಂಶ್ರಯದ ಗಡಿಯ ಈಚೆಗೇ ನಿಂತಿತೆಂಬುದು ಸರಿಯಾದ ನಿರ್ಣಯವಾಗಿ ತೋರುತ್ತದೆ. ಇತ್ತ 1969ರಲ್ಲಿ ಉಸ್ಸೂರಿ ನದಿಯ ದಡದಲ್ಲಿ ಸೋವಿಯೆತ್ ಮತ್ತು ಚೀನೀ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. 1972ರ ಫೆಬ್ರವರಿಯಲ್ಲಿ ಅಮೆರಿಕಾದ ಅಧ್ಯಕ್ಷ ನಿಕ್ಸನ್ ಪೀಕಿಂಗಿಗೆ ಹೋದರು. ನೆರೆಯವನು ಅರಿ, ಅವನ ಆಚೆಯವನು ಮಿತ್ರ ಎಂಬ ಸೂತ್ರಕ್ಕೆ ಇದಕ್ಕಿಂತ ಉತ್ತಮ ಭಾಷ್ಯ ಬೇಕಿಲ್ಲ. ಎರಡೇ ಧ್ರುವಗಳೆನ್ನುವ ಕಾಲದಲ್ಲಿಯೇ ಮೂರನೆಯದೊಂದು ಮೊಳೆಯುತ್ತಿದ್ದಿತು.

1991ರ ಡಿಸೆಂಬರಿನಲ್ಲಿ ಸೋವಿಯೆತ್ ಒಕ್ಕೂಟವು ಒಂದು ಗುಂಡೂ ಹಾರದೆ ವಿಸರ್ಜಿತವಾಯಿತು. ಅಮೆರಿಕಾ ಏಕೈಕ ಧ್ರುವವಾಗಿ ಉಳಿಯಿತು. ಆ ಸ್ಥಿತಿ ಶಾಶ್ವತವೆಂದು ನಂಬಿದ ವಿದ್ವಾಂಸರೂ ಇದ್ದರು. 2003ರಲ್ಲಿ ಭದ್ರತಾ ಮಂಡಲಿಯ ಅನುಮತಿಯಿಲ್ಲದೆ ಇರಾಕಿನ ಮೇಲೆ ನಡೆದ ಯುದ್ಧವು ಆ ಬಲದ ಎತ್ತರವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಬಾಗ್ದಾದನ್ನು ಗೆಲ್ಲಲು ವಾರಗಳು ಸಾಕಾದುವು. ಆಳಲು ವರ್ಷಗಳು ಸಾಲಲಿಲ್ಲ.

ಅಷ್ಟರಲ್ಲಿ ಮಂಡಲವು ಬೇರೆ ದಿಕ್ಕಿನಿಂದ ರೂಪುಗೊಳ್ಳುತ್ತಿತ್ತು. 1997ರ ಏಪ್ರಿಲಿನಲ್ಲಿ ರಷ್ಯಾ ಮತ್ತು ಚೀನಾ ಬಹುಧ್ರುವ ಜಗತ್ತನ್ನು ಕುರಿತು ಜಂಟಿ ಘೋಷಣೆಯೊಂದನ್ನು ಮಾಸ್ಕೋದಲ್ಲಿ ಹೊರಡಿಸಿದುವು. ಆಗ ಅದನ್ನು ಗಮನಿಸಿದವರು ಕಡಿಮೆ. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿತು. 2010ರಲ್ಲಿ ಜಪಾನನ್ನು ಹಿಂದಿಕ್ಕಿ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕ ಶಕ್ತಿಯಾಯಿತು. 2008ರಲ್ಲಿ ಅಮೆರಿಕಾದ ಬ್ಯಾಂಕುಗಳು ಕುಸಿದಾಗ ಧನಿಕ ದೇಶಗಳ ಸಣ್ಣ ಕೂಟವು ಸಾಲದೆ ಭಾರತ, ಚೀನಾ, ಬ್ರೆಜಿಲ್ ಮೊದಲಾದುವೂ ಇದ್ದ ಇಪ್ಪತ್ತರ ಕೂಟದ ನಾಯಕರನ್ನು ವಾಷಿಂಗ್ಟನ್ನಿಗೆ ಕರೆಯಬೇಕಾಯಿತು. ಬ್ರಿಕ್ ಎಂಬ ಹೆಸರಿನ ಹುಟ್ಟು ವಿನೋದವಾದುದು. ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾ ಎಂಬ ನಾಲ್ಕು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 2001ರಲ್ಲಿ ಆ ಪದವನ್ನು ಮಾಡಿದವನು ರಾಜನೀತಿಜ್ಞನಲ್ಲ, ಹಣಹೂಡಿಕೆಯ ಸಂಸ್ಥೆಯೊಂದರ ಅರ್ಥಶಾಸ್ತ್ರಜ್ಞ. ಹೆಸರು ಮೊದಲು ಹುಟ್ಟಿತು; ಕೂಸು 2009ರಲ್ಲಿ, ರಷ್ಯಾದ ಯೆಕಟೆರಿನ್‌ಬರ್ಗ್ ನಗರದ ಶೃಂಗಸಭೆಯಲ್ಲಿ ಹುಟ್ಟಿತು. ದಕ್ಷಿಣ ಆಫ್ರಿಕಾ ಸೇರಿದ ಮೇಲೆ ಅದು ಬ್ರಿಕ್ಸ್ ಆಯಿತು. 2024ರಲ್ಲಿ ಈಜಿಪ್ಟ್, ಇಥಿಯೋಪಿಯಾ, ಇರಾನ್, ಸಂಯುಕ್ತ ಅರಬ್ ಸಂಸ್ಥಾನಗಳೂ 2025ರಲ್ಲಿ ಇಂಡೋನೇಷ್ಯಾವೂ ಒಳಬಂದುವು.

ಹಾಗೆಂದು ಧ್ರುವಗಳೆಲ್ಲವೂ ಸಮವೆಂದು ಭಾವಿಸಬಾರದು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಸಪ್ತಾಂಗಗಳಲ್ಲಿ ಅಳೆದರೆ ಒಂದೊಂದು ಶಕ್ತಿಯೂ ಒಂದೊಂದು ಅಂಗದಲ್ಲಿ ಪುಷ್ಟ, ಇನ್ನೊಂದರಲ್ಲಿ ಕೃಶ. 2024ರಲ್ಲಿ ಅಮೆರಿಕಾವು ಸೇನೆಗೆ ಖರ್ಚುಮಾಡಿದುದು ಒಂದು ಲಕ್ಷ ಕೋಟಿ ಡಾಲರಿಗೆ ಸಮೀಪ. ಚೀನಾದ ಖರ್ಚು ಅದರ ಮೂರನೆಯ ಒಂದು ಭಾಗದಷ್ಟಿರಬಹುದೆಂದು ಅಂದಾಜು. ರಷ್ಯಾ ಭಾರತಗಳದು ಇನ್ನೂ ಕಡಿಮೆ. ರಾಷ್ಟ್ರಗಳ ಮೀಸಲು ನಿಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಡಾಲರೇ. ಮಿತ್ರಬಲದಲ್ಲಿಯೂ ಅಮೆರಿಕಾಕ್ಕೆ ಸರಿಸಮರಿರಲಿಲ್ಲ. ಈಚೆಗೆ ಅದು ಆ ಮಿತ್ರರ ಮೇಲೆಯೇ ಸುಂಕ ಹೇರುತ್ತಿರುವುದರಿಂದ ಆ ಅಂಗವು ಸೊರಗುತ್ತಿದೆ. ರಷ್ಯಾ ದಂಡದಲ್ಲಿ ದೊಡ್ಡದು, ಕೋಶದಲ್ಲಿ ಚಿಕ್ಕದು. ಜಪಾನ್ ಮತ್ತು ಯೂರೋಪಿನ ಒಕ್ಕೂಟ ಕೋಶದಲ್ಲಿ ದೊಡ್ಡವು. ದುರ್ಗರಕ್ಷಣೆಗೆ ಬಹುಕಾಲ ಪರರನ್ನು ನೆಚ್ಚಿದವು. ಭಾರತಕ್ಕೆ ಜನಪದವುಂಟು, ಕೋಶವು ಬೆಳೆಯುತ್ತಿದೆ. ಭದ್ರತಾ ಮಂಡಲಿಯಲ್ಲಿ ಖಾಯಂ ಪೀಠವಿಲ್ಲ. 1945ರ ಐವರೇ ಇನ್ನೂ ಅಲ್ಲಿ ಕುಳಿತಿದ್ದಾರೆ.

ಕೌಟಿಲ್ಯನ ಸೂತ್ರವೂ ಎಲ್ಲ ಕಡೆ ಹೊಂದುವುದಿಲ್ಲವೆಂಬುದನ್ನು ಮರೆಮಾಡಬಾರದು. ರಷ್ಯಾ ಮತ್ತು ಚೀನಾಗಳಿಗೆ ನಾಲ್ಕು ಸಾವಿರ ಕಿಲೋಮೀಟರುಗಳಿಗೂ ಮಿಗಿಲಾದ ಸಮಾನ ಗಡಿಯಿದೆ. ಸೂತ್ರದಂತೆ ಅವು ಅರಿಗಳು. ಆದರೆ 2022ರ ಫೆಬ್ರವರಿ 4ರಂದು ತಮ್ಮ ಸ್ನೇಹಕ್ಕೆ ಎಲ್ಲೆಯಿಲ್ಲವೆಂದು ಸಾರಿದುವು. ಅದೇ ತಿಂಗಳ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಅತ್ತ ಅಮೆರಿಕಾ ಮತ್ತು ಚೀನಾಗಳು ಪರಸ್ಪರ ಪ್ರತಿಸ್ಪರ್ಧಿಗಳೆಂದು ಬಹಿರಂಗವಾಗಿ ಹೇಳಿಕೊಂಡಿದ್ದರೂ 2024ರ ಒಂದೇ ವರ್ಷದಲ್ಲಿ ಐವತ್ತು ಸಾವಿರ ಕೋಟಿ ಡಾಲರಿಗೂ ಹೆಚ್ಚಿನ ಸರಕನ್ನು ಕೊಟ್ಟು ಕೊಂಡವು. ಅರಿಯೊಡನೆ ಇಷ್ಟು ದೊಡ್ಡ ವ್ಯಾಪಾರವನ್ನು ಯಾವ ಪ್ರಾಚೀನ ಆಚಾರ್ಯನೂ ಊಹಿಸಿರಲಾರನು.

ಇಂಥ ಮಂಡಲದಲ್ಲಿ ನಡುಗಾತ್ರದ ದೇಶಗಳಿಗೆ ದೊರೆತಿರುವ ಅವಕಾಶವು ದೊಡ್ಡದು. ಉಕ್ರೇನಿನ ಮೇಲಣ ದಾಳಿಯನ್ನು ಕುರಿತು 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ತೆಗೆದಾಗ 141 ದೇಶಗಳು ರಷ್ಯಾದ ಕೃತ್ಯವನ್ನು ಖಂಡಿಸಿದುವು, 5 ವಿರೋಧಿಸಿದುವು, 35 ತಟಸ್ಥವಾಗಿ ಉಳಿದುವು. ಆ 35ರಲ್ಲಿ ಭಾರತವೂ ಚೀನಾವೂ ಇದ್ದುವು. ಗಲ್ವಾನ್ ಕಣಿವೆಯಲ್ಲಿ 2020ರ ಜೂನಿನಲ್ಲಿ 20 ಭಾರತೀಯ ಸೈನಿಕರು ಹುತಾತ್ಮರಾಗಿ ಎರಡು ವರ್ಷವೂ ಆಗಿರಲಿಲ್ಲ. ತುರ್ಕಿಯು 1952ರಿಂದ ನೇಟೊ ಸದಸ್ಯನಾಗಿದ್ದು ರಷ್ಯಾದಿಂದ ವಿಮಾನನಾಶಕ ಕ್ಷಿಪಣಿಗಳನ್ನು ಕೊಂಡಿತು. 2022ರಲ್ಲಿ ಉಕ್ರೇನಿನ ಧಾನ್ಯವು ಕಪ್ಪುಸಮುದ್ರದಿಂದ ಹೊರಡಲು ಸಂಧಾನವನ್ನೂ ಮಾಡಿಸಿತು. ಸೌದಿ ಅರೇಬಿಯಾ ಮತ್ತು ಇರಾನ್ 2023ರ ಮಾರ್ಚಿನಲ್ಲಿ ರಾಜಿಯಾದುದು ಪೀಕಿಂಗಿನಲ್ಲಿ. ಎಲ್ಲಕ್ಕಿಂತ ಚತುರತೆಯನ್ನು ತೋರಿದುದು ವಿಯೆಟ್ನಾಂ. ಆ ದೇಶವು ಅಮೆರಿಕಾದೊಡನೆ ದೀರ್ಘ ಯುದ್ಧವನ್ನು ಕಂಡದ್ದು. 1979ರಲ್ಲಿ ಚೀನಾದ ದಾಳಿಯನ್ನೂ ಎದುರಿಸಿದ್ದು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಅಧ್ಯಕ್ಷರು, ಡಿಸೆಂಬರಿನಲ್ಲಿ ಚೀನಾದ ಅಧ್ಯಕ್ಷರು, ಮರುವರ್ಷ ಜೂನಿನಲ್ಲಿ ರಷ್ಯಾದ ಅಧ್ಯಕ್ಷರು ಹನೋಯ್ ನಗರಕ್ಕೆ ಅತಿಥಿಗಳಾಗಿ ಬಂದುಹೋದರು. ಮೂವರನ್ನೂ ಒಂದೇ ಜಗಲಿಯಲ್ಲಿ ಸತ್ಕರಿಸಿ, ಯಾರ ಮನೆಯ ಆಳೂ ಆಗದೆ ಉಳಿಯುವುದು ಸಾಮಾನ್ಯದ ಮಾತಲ್ಲ. ಉತ್ಸಾಹಶಕ್ತಿಗಿಂತ ಪ್ರಭುಶಕ್ತಿ ಮೇಲು, ಪ್ರಭುಶಕ್ತಿಗಿಂತಲೂ ಮಂತ್ರಶಕ್ತಿ ಮೇಲು ಎಂದು ಕೌಟಿಲ್ಯನು ಹೇಳಿದುದರ ಅರ್ಥವಿದು.

ಆದರೆ ಎಲ್ಲರೊಡನೆ ಆಡುವವನಿಗೆ ಎಲ್ಲರೂ ಒಂದಾಗುವ ಅಪಾಯವೂ ಉಂಟು. ದಖ್ಖಣದಲ್ಲಿ ಅಳಿಯ ರಾಮರಾಯನು ಸುಮಾರು ಎರಡು ದಶಕಗಳ ಕಾಲ ಒಮ್ಮೆ ಅಹಮದ್‌ನಗರದೊಡನೆ ಸೇರಿ ಬಿಜಾಪುರವನ್ನು, ಇನ್ನೊಮ್ಮೆ ಬಿಜಾಪುರದೊಡನೆ ಸೇರಿ ಅಹಮದ್‌ನಗರವನ್ನು ಬಗ್ಗಿಸುತ್ತ ಬಂದನು. ದ್ವೈಧೀಭಾವದಲ್ಲಿ ಅವನಷ್ಟು ನುರಿತವರು ವಿರಳ. ಕಡೆಗೆ ಆ ಸುಲ್ತಾನರು ತಮ್ಮೊಳಗಿನ ಹಗೆಯನ್ನು ಮದುವೆಗಳಿಂದ ಕಟ್ಟಿಹಾಕಿಕೊಂಡು 1565ರ ಜನವರಿಯಲ್ಲಿ ಕೃಷ್ಣೆಯ ದಡಕ್ಕೆ ಒಟ್ಟಾಗಿ ಬಂದರು. ವಿಜಯನಗರವು ಹಾಳಾಯಿತು. ಗೆದ್ದವರಾದರೂ ಉಳಿದರೆ? ಒಟ್ಟಾಗಿದ್ದುದು ಒಂದು ಯುದ್ಧಕ್ಕೆ ಮಾತ್ರ. ಬೀದರನ್ನು 1619ರಲ್ಲಿ ಬಿಜಾಪುರವೇ ನುಂಗಿತು. 1636ರಲ್ಲಿ ಅಹಮದ್‌ನಗರ, 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಗಲರ ಪಾಲಾದುವು. ದೂರದಲ್ಲಿದ್ದ ಉದಾಸೀನನು ಮಂಡಲವನ್ನೇ ಕಬಳಿಸಿದನು.

ಇಂದಿನ ಭಾರತದ ಹಾದಿಯೂ ಇಕ್ಕಟ್ಟಿನದೇ. 2025ರ ಆಗಸ್ಟಿನಲ್ಲಿ, ರಷ್ಯಾದ ತೈಲವನ್ನು ಕೊಳ್ಳುತ್ತಿದೆಯೆಂಬ ಕಾರಣವನ್ನೂ ಮುಂದಿಟ್ಟು ಅಮೆರಿಕಾವು ಭಾರತದ ಹಲವು ಸರಕುಗಳ ಮೇಲೆ ಒಟ್ಟು ಶೇಕಡಾ 50ರ ಸುಂಕವನ್ನು ಹಾಕಿತು. ಅದೇ ತಿಂಗಳ ಕೊನೆಯಲ್ಲಿ ಭಾರತದ ಪ್ರಧಾನಿಗಳು ಏಳು ವರ್ಷಗಳ ಮೇಲೆ ಮೊದಲ ಬಾರಿಗೆ ಚೀನಾದ ನೆಲದ ಮೇಲೆ, ತಿಯಾಂಜಿನ್ ನಗರದ ಸಮ್ಮೇಳನದಲ್ಲಿ ಕಾಣಿಸಿಕೊಂಡರು. ಎರಡು ಧ್ರುವಗಳ ಕಾಲದಲ್ಲಿ ಪಕ್ಷವನ್ನು ಒಮ್ಮೆ ಆರಿಸಿದರೆ ದಶಕಗಳು ಕಳೆಯುತ್ತಿದ್ದುವು. ಈಗ ಪ್ರತಿ ಋತುವಿಗೂ ಹೊಸ ಲೆಕ್ಕ. ಒಂದು ದೇಶದ ಅಮಾತ್ಯರು, ರಾಯಭಾರಿಗಳು, ಭಾಷಾಜ್ಞರು, ವಿಜ್ಞಾನಿಗಳು ಎಷ್ಟು ಮಂದಿ, ಎಷ್ಟು ಶಿಕ್ಷಿತರು ಎಂಬುದು ಹಿಂದೆಂದಿಗಿಂತ ಈಗ ನಿರ್ಣಾಯಕ.

ಇನ್ನು ಪರಮಾಣು ಅಸ್ತ್ರಗಳ ಮಾತು. ಇದೇ ಎಲ್ಲಕ್ಕಿಂತ ಗುರುತರವಾದುದು. 1962ರಲ್ಲಿ ಪ್ರಳಯದ ಅಂಚನ್ನು ಕಂಡು ಹೆದರಿದ ಎರಡು ಧ್ರುವಗಳು 1963ರಲ್ಲಿ ರಾಜಧಾನಿಗಳ ನಡುವೆ ನೇರ ತಂತಿಯನ್ನು ಹಾಕಿಕೊಂಡವು. 1972ರಲ್ಲಿ ಅಸ್ತ್ರಮಿತಿಯ ಮೊದಲ ಒಪ್ಪಂದ, 1987ರಲ್ಲಿ ಮಧ್ಯಮದೂರದ ಕ್ಷಿಪಣಿಗಳ ನಾಶದ ಒಪ್ಪಂದ. ಹಗೆಗಳೇ ಆಗಿದ್ದರೂ ಎಣಿಕೆಗೆ ಒಂದು ತಕ್ಕಡಿ ಇತ್ತು. ಒಬ್ಬರ ಕೊಟ್ಟಿಗೆಗೆ ಇನ್ನೊಬ್ಬರ ಪರೀಕ್ಷಕರು ಬಂದು ಎಣಿಸಿ ಹೋಗುತ್ತಿದ್ದರು. 2019ರಲ್ಲಿ ಮಧ್ಯಮದೂರದ ಒಪ್ಪಂದವು ಮುರಿಯಿತು. ಉಳಿದಿದ್ದ ಕೊನೆಯ ಒಪ್ಪಂದವು 2010ರದು. ಇಬ್ಬರಿಗೂ ಹೂಡಿಟ್ಟ ಅಸ್ತ್ರಗಳು 1,550ನ್ನು ಮೀರಬಾರದೆಂಬ ಮಿತಿ ಅದರಲ್ಲಿತ್ತು. 2023ರಲ್ಲಿ ರಷ್ಯಾ ಅದರಲ್ಲಿ ಭಾಗವಹಿಸುವುದನ್ನು ನಿಲ್ಲಿಸಿತು. ಅದರ ವಿಸ್ತರಿಸಿದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಜಗತ್ತಿನ ಪರಮಾಣು ಅಸ್ತ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆ ಇಬ್ಬರ ಬಳಿಯೇ ಇದೆ. ಇತ್ತ ಚೀನಾದ ಸಂಗ್ರಹವು 2025ರ ಆರಂಭಕ್ಕೆ ಸುಮಾರು 600 ಎಂದು ಅಂದಾಜು. ಅದು ಬೇಗ ಬೆಳೆಯುತ್ತಿದೆ. ಮೊದಲು ಆ ಇಬ್ಬರು ತಮ್ಮ ಸಂಗ್ರಹವನ್ನು ಬಹುವಾಗಿ ತಗ್ಗಿಸಬೇಕೆಂಬುದು ಅದರ ವಾದ. ಅವರಿಬ್ಬರು ತನ್ನ ಮೇಲೆ ಒಂದಾದರೆ ಏನು ಗತಿಯೆಂದು ಮೂವರಲ್ಲಿ ಪ್ರತಿಯೊಬ್ಬನೂ ಯೋಚಿಸುತ್ತಾನೆ. ಆದ್ದರಿಂದ ಒಬ್ಬೊಬ್ಬನೂ ಉಳಿದಿಬ್ಬರ ಮೊತ್ತದಷ್ಟು ತನಗೆ ಬೇಕೆನ್ನುತ್ತಾನೆ. ಗಣಿತದಲ್ಲಿ ಇದು ಎಂದೂ ಸರಿಹೊಂದದ ಲೆಕ್ಕ. ಭಾರತ, ಪಾಕಿಸ್ತಾನಗಳ ಲೆಕ್ಕ ಇದರ ಆಚೆಗೆ ಬೇರೆಯೇ ಇದೆ.

1839ರ ಬೆಲ್ಜಿಯಂ ಪತ್ರಕ್ಕೆ ಸಹಿಹಾಕಿದವರು ಐವರು. ಅಂದು ಅವರ ಬಳಿ ಇದ್ದುದು ತುಪಾಕಿ ಮತ್ತು ಹಾಯಿಹಡಗು. ಆ ಪತ್ರವನ್ನು ಮಾಡಲು ಅವರು ಲಂಡನ್ನಿನ ಒಂದೇ ಮೇಜಿನ ಸುತ್ತ ಒಂಬತ್ತು ವರ್ಷ ಮತ್ತೆ ಮತ್ತೆ ಕುಳಿತರು. ಅಮೆರಿಕಾ, ರಷ್ಯಾ, ಚೀನಾ ಮೂರೂ ಒಟ್ಟಾಗಿ ತಮ್ಮ ಪರಮಾಣು ಅಸ್ತ್ರಗಳ ಸಂಖ್ಯೆಗೆ ಮಿತಿ ಹಾಕಿಕೊಂಡು ಸಹಿಮಾಡಿದ ಒಪ್ಪಂದವು ಇದುವರೆಗೆ ಒಂದೂ ಇಲ್ಲ.